ನೀರು ಇಳಿದರೂ ಇಳಿಯದ ಭಯ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಊರುಗಳು ಜಲಾವೃತವಾದವು. ಐದೇ ವರ್ಷಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ, ನದಿದಂಡೆಯ ಜನ ಮತ್ತೆ ಕಾಳಜಿ ಕೇಂದ್ರ ಸೇರಿದರು.

ನೆರೆ ಬಂದಾಗ ಕ್ಯುಸೆಕ್ ಲೆಕ್ಕ, ಇಳಿದ ಮೇಲೆ ಹೆಕ್ಟೇರ್ ಲೆಕ್ಕ. ಪಂಚನಾಮೆಯಲ್ಲಿ ತೊಗರಿ, ಗೋಡೆ, ದನ ಸೇರುತ್ತವೆ. ನಿದ್ದೆಗೆಟ್ಟ ರಾತ್ರಿಗಳು ಸೇರುವುದಿಲ್ಲ. ಮೊದಲ ವಾರಗಳ ಆತಂಕ ಸಹಜ, ಬಹುತೇಕರಲ್ಲಿ ತಾನಾಗಿಯೇ ತಗ್ಗುತ್ತದೆ. ಉಳಿದವರಲ್ಲಿ ಅದು ಖಿನ್ನತೆಯಾಗಿ ಬೇರೂರಬಹುದು. ಸಾಲದ ಕಂತು, ಮರುಬಿತ್ತನೆಯ ಖರ್ಚು ಎದುರಾದಾಗ ಇನ್ನಷ್ಟು ಕಾಡುತ್ತದೆ. ಅಷ್ಟೊತ್ತಿಗೆ ಕಾಳಜಿ ಕೇಂದ್ರ ಮುಚ್ಚಿರುತ್ತದೆ.

ದಾರಿ ಇಲ್ಲವೆಂದಲ್ಲ. ಸಂತ್ರಸ್ತರ ಮಾನಸಿಕ ಆರೈಕೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಭಾಗದ ಬಳ್ಳಾರಿ. ನೆರೆ ಇಳಿದು ಮೂರು ತಿಂಗಳಾದ ಮೇಲೂ ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ‘ನಿದ್ದಿ ಬರ್ತದೇನ್ರಿ?’ ಎಂದು ಕೇಳಬೇಕು. ಆ ಉತ್ತರವೂ ದಾಖಲಾಗಬೇಕು, ಬೇಕಾದವರಿಗೆ ಚಿಕಿತ್ಸೆ ಸಿಗಬೇಕು.

ನಮ್ಮ ತರಗತಿಗಳಲ್ಲೂ ನದಿದಂಡೆಯ ಊರಿನ ಗೆಳೆಯರಿದ್ದಾರೆ. ‘ಧೈರ್ಯ ತಗೋ’ ಎಂದು ಮಾತು ಮುಗಿಸುವ ಬದಲು ಕೂತು ಕೇಳೋಣ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಗೆಳೆಯರ ಮೊಬೈಲ್‌ನಲ್ಲಿ ಇವತ್ತೇ ಸೇವ್ ಮಾಡಿಕೊಡಿ.

– ಬಿಇ ವಿದ್ಯಾರ್ಥಿ, ಕಪನೂರ, ಕಲಬುರಗಿ