ಹಸೀನಾ ನೆನಪಿದ್ದಾಳೆ, ಗುಲಾಬಿ ಎಲ್ಲಿ?

ಗಿರೀಶ್ ಕಾಸರವಳ್ಳಿಯವರ ಸಿನೆಮಾಗಳಲ್ಲಿ ಅತ್ಯುತ್ತಮ ಸ್ತ್ರೀಪಾತ್ರ ಯಾವುದು? ನಾಲ್ಕು ಮಂದಿ ಸಿನೆಮಾಸಕ್ತರು ಸೇರಿದಲ್ಲಿ ಈ ಪ್ರಶ್ನೆ ಎದ್ದರೆ ಉತ್ತರಗಳು ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತವೆ. ಹಿರಿಯರು ‘ಘಟಶ್ರಾದ್ಧ’ದ ಯಮುನಕ್ಕನ ಹೆಸರು ಹೇಳುತ್ತಾರೆ. ನಂತರದ ಪೀಳಿಗೆಯವರು ‘ತಾಯಿಸಾಹೇಬ’ದ ನರ್ಮದಾಬಾಯಿಯನ್ನೋ ‘ದ್ವೀಪ’ದ ನಾಗಿಯನ್ನೋ ಆರಿಸುತ್ತಾರೆ. ಆ ಬಳಿಕ ಯಾರಾದರೊಬ್ಬರಿಗೆ ಪಟ್ಟಿಯಲ್ಲಿ ಒಬ್ಬ ಮುಸ್ಲಿಂ ಹೆಣ್ಣೂ ಇರಬೇಕಲ್ಲ ಎಂದು ನೆನಪಾಗುತ್ತದೆ. ಆಗ ‘ಹಸೀನಾ’ ಬರುತ್ತಾಳೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಗುಲಾಬಿಯ ಹೆಸರು ಬಂದರೂ ಉಮಾಶ್ರೀಯವರ ಅಭಿನಯವನ್ನು ಹೊಗಳಿ ಮುಂದೆ ಹೋಗುವವರೇ ಹೆಚ್ಚು.

ಈ ಪಟ್ಟಿಯ ಬಗ್ಗೆ ನನ್ನ ತಕರಾರಿದೆ. ಇದು ರುಚಿಭೇದದ ಸಣ್ಣ ಜಗಳವಾಗಿದ್ದರೆ ಅದಕ್ಕಾಗಿ ಪುಟ ವ್ಯಯಿಸಬೇಕಾಗಿರಲಿಲ್ಲ. ನಾವು ಯಾವ ಹೆಣ್ಣನ್ನು ನೆನಪಿಡುತ್ತೇವೆ, ಯಾವುದಕ್ಕಾಗಿ ನೆನಪಿಡುತ್ತೇವೆ, ಯಾರನ್ನು ಜಾಣತನದಿಂದ ಮರೆಯುತ್ತೇವೆ ಎಂಬುದರಲ್ಲಿ ನಮ್ಮ ಸಮಾಜದ ಚಿತ್ರವೇ ಇದೆ.

ಒಂದು ಸಂಗತಿಯನ್ನು ಗಮನಿಸಿ. ಕಾಸರವಳ್ಳಿಯವರ ನಾಲ್ಕು ಚಿತ್ರಗಳಿಗೆ ಸ್ವರ್ಣಕಮಲ ಬಂದಿದೆ. ಆದರೆ ಅವರ ಚಿತ್ರಗಳಲ್ಲಿ ನಟಿಸಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದವರು ಇಬ್ಬರೇ. ‘ಹಸೀನಾ’ಕ್ಕಾಗಿ ತಾರಾ, ‘ಗುಲಾಬಿ ಟಾಕೀಸ್’ಗಾಗಿ ಉಮಾಶ್ರೀ. ಇಬ್ಬರೂ ನಿರ್ವಹಿಸಿದ್ದು ಮುಸ್ಲಿಂ ಹೆಣ್ಣಿನ ಪಾತ್ರವನ್ನು. ಕನ್ನಡದ ಜನಪ್ರಿಯ ಸಿನೆಮಾ ಮುಸ್ಲಿಂ ಹೆಂಗಸನ್ನು ಬಹುಕಾಲ ಬುರ್ಖಾದ ನೆರಳಾಗಿಯೋ ಮುರುಕು ಕನ್ನಡದ ಹಾಸ್ಯವಾಗಿಯೋ ತೋರಿಸಿತು. ಅಂಥ ಭಾಷೆಯಲ್ಲಿ ಒಬ್ಬನೇ ನಿರ್ದೇಶಕ ಇಬ್ಬರು ಮುಸ್ಲಿಂ ಹೆಂಗಸರನ್ನು ಕತೆಯ ನಡುಮಧ್ಯೆ ತಂದು ನಿಲ್ಲಿಸಿದ್ದು ಸಣ್ಣ ಮಾತಲ್ಲ. ಹೀಗಿದ್ದೂ ಇಬ್ಬರಲ್ಲಿ ಒಬ್ಬಳು ಮಾತ್ರ ನಮ್ಮ ವಾದವಿವಾದಗಳ ವಸ್ತುವಾದಳು. ಯಾಕೆ?

ಮೊದಲು ಉಳಿದವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. 1977ರ ‘ಘಟಶ್ರಾದ್ಧ’ದ ಯಮುನಕ್ಕ ದೊಡ್ಡ ಪಾತ್ರ. ಅನಂತಮೂರ್ತಿಯವರ ಕತೆಯ ಈ ಬಾಲವಿಧವೆ ಬಸಿರಾಗುತ್ತಾಳೆ, ಬದುಕಿರುವಾಗಲೇ ಆಕೆಯ ಶ್ರಾದ್ಧ ನಡೆಯುತ್ತದೆ. ಶ್ರಾದ್ಧ ಮಾಡಿದ ಅಪ್ಪ ತಾನು ಮಾತ್ರ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗುತ್ತಾನೆ. ನರ್ಮದಾಬಾಯಿಯ ಗಂಡ ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡಿದವನು, ಆದರೆ ಹೆಂಡತಿಯ ಸ್ವಾತಂತ್ರ್ಯ ಅವನ ಹೋರಾಟದ ಪಟ್ಟಿಯಲ್ಲಿರಲಿಲ್ಲ. ಮುಳುಗುವ ನಡುಗಡ್ಡೆಯಲ್ಲಿ ಸಂಸಾರವನ್ನು ಕಾಪಾಡಿದವಳು ನಾಗಿ. ನೀರು ಇಳಿದಾಗ ಗಂಡ ಕೈಮುಗಿಯುವುದು ದೇವರಿಗೆ. ‘ನಾಯಿ ನೆರಳು’ವಿನ ವೆಂಕು, ಸತ್ತ ಗಂಡ ಮರುಹುಟ್ಟು ಪಡೆದು ಬಂದಿದ್ದಾನೆಂದು ನಂಬುತ್ತಾಳೋ ಅಥವಾ ಆ ನಂಬಿಕೆಯ ಮರೆಯಲ್ಲಿ ತನ್ನ ಪಾಲಿನ ಬದುಕನ್ನು ಕಿತ್ತುಕೊಳ್ಳುತ್ತಾಳೋ ಎಂಬುದು ಇಂದಿಗೂ ಚರ್ಚೆಯ ವಿಷಯ.

ಈ ನಾಲ್ವರನ್ನೂ ನಾವು ಹೇಗೆ ಓದಿದ್ದೇವೆ ನೋಡಿ. ಯಮುನಕ್ಕನ ಕತೆ ಬ್ರಾಹ್ಮಣರ ಸಮಸ್ಯೆ ಎಂದು ಯಾರೂ ಷರಾ ಬರೆಯಲಿಲ್ಲ. ಅದು ಹೆಣ್ಣಿನ ಕತೆ, ಮನುಷ್ಯನ ಕತೆ ಎಂದರು. ‘ಘಟಶ್ರಾದ್ಧ’ ಹೊಸ ಪ್ರತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗಲೂ ಹಾಗೆಯೇ ಬರೆದರು. ಸರಿಯಾದ ಓದೇ ಅದು. ಆದರೆ ಅದೇ ಓದುಗರು ಹಸೀನಾಳ ಬಳಿ ಬಂದೊಡನೆ ಕನ್ನಡಕ ಬದಲಿಸುತ್ತಾರೆ. ಅಲ್ಲಿ ಹೆಣ್ಣು ಮರೆಯಾಗಿ ‘ಮುಸ್ಲಿಂ ಸಮಸ್ಯೆ’ ಮುಂದೆ ಬರುತ್ತದೆ.

‘ಹಸೀನಾ’ 2004ರ ಚಿತ್ರ. ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಅದರ ಮೂಲ. ಆಟೋ ಓಡಿಸುವ ಗಂಡ ಯಾಕೂಬನಿಗೆ ಗಂಡು ಮಗು ಬೇಕು. ಹುಟ್ಟಿದ್ದೆಲ್ಲ ಹೆಣ್ಣು. ಅವನು ಹೆಂಡತಿ ಮಕ್ಕಳನ್ನು ಕೈಬಿಡುತ್ತಾನೆ. ಹಸೀನಾ ನ್ಯಾಯ ಕೇಳಿಕೊಂಡು ಮುತವಲ್ಲಿಯ ಬಳಿ ಹೋಗುತ್ತಾಳೆ. ಅಲ್ಲಿ ಸಿಗುವುದು ನ್ಯಾಯವಲ್ಲ, ವಾಯಿದೆ. ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕುಳಿತುಬಿಡುತ್ತಾಳೆ.

ಈ ಚಿತ್ರದ ಬಗ್ಗೆ ಎರಡು ಗುಂಪುಗಳಾದವು. ಒಂದು ಗುಂಪು ನಮ್ಮವರದ್ದೇ. “ಸಮುದಾಯದ ಮಾನ ಹರಾಜಾಯಿತು, ಮನೆಯ ಮಾತನ್ನು ಬೀದಿಗೆ ತಂದರು” ಎಂಬುದು ಅವರ ದೂರು. ಇನ್ನೊಂದು ಗುಂಪಿನವರು “ನೋಡಿದಿರಾ, ಅವರ ಹೆಂಗಸರ ಪಾಡು!” ಎಂದು ನಿಟ್ಟುಸಿರುಬಿಟ್ಟು, ತಮ್ಮ ಮನೆಯ ಹೆಂಗಸರ ಪಾಡನ್ನು ಆ ನಿಟ್ಟುಸಿರಿನಲ್ಲಿ ಮುಚ್ಚಿಟ್ಟುಕೊಂಡರು. ಇಬ್ಬರೂ ತಪ್ಪು ಎಂದೇ ನನ್ನ ವಾದ.

ಮೊದಲನೆಯವರಿಗೆ ಒಂದು ಮಾತು. ಕುರ್‌ಆನಿನಲ್ಲಿ ‘ಅಲ್ ಮುಜಾದಲ’ ಎಂಬ ಅಧ್ಯಾಯವಿದೆ. ವಾದಿಸಿದ ಸ್ತ್ರೀಯ ಹೆಸರಿನಲ್ಲೇ ಇರುವ ಅಧ್ಯಾಯ ಅದು. ಗಂಡನಿಂದ ಅನ್ಯಾಯಕ್ಕೊಳಗಾದ ಖೌಲಾ ಎಂಬ ಮಹಿಳೆ ಪ್ರವಾದಿಯವರ(ಸ) ಮುಂದೆ ಬಂದು ವಾದಿಸಿದರು, ಬಿಡದೆ ದೂರಿಕೊಂಡರು. ಆ ದೂರನ್ನು ಅಲ್ಲಾಹನು ಆಲಿಸಿದನೆಂಬ ಸಂಗತಿಯಿಂದಲೇ ಅಧ್ಯಾಯ ಆರಂಭವಾಗುತ್ತದೆ. ಪ್ರವಾದಿಯವರ(ಸ) ಮುಂದೆ ನಿಂತು ವಾದಿಸಲು ಹೆಣ್ಣಿಗೆ ಅವಕಾಶವಿತ್ತು. ಮುತವಲ್ಲಿಯ ಮುಂದೆ ವಾದಿಸಿದರೆ ಮಾತ್ರ ಮಾನಹರಣವೇ? ಹಸೀನಾ ಮಸೀದಿಯನ್ನು ಧಿಕ್ಕರಿಸಿ ಹೋದವಳಲ್ಲ. ನ್ಯಾಯ ಇಲ್ಲಿಯೇ ಸಿಗಬೇಕೆಂದು ಅದರ ಮೆಟ್ಟಿಲ ಬಳಿ ಕುಳಿತವಳು. ಅವಳಷ್ಟು ನಂಬಿಕೆ ಅವಳನ್ನು ಎಬ್ಬಿಸಿ ಕಳಿಸಬೇಕೆಂದವರಿಗೂ ಇರಲಿಲ್ಲ. ಹೆಣ್ಣು ಹುಟ್ಟಿತೆಂದು ಮುಖ ಕಪ್ಪಿಡುವವರನ್ನು ಕಟುವಾಗಿ ಖಂಡಿಸಿದ ಗ್ರಂಥದ ಅನುಯಾಯಿಗಳು ಯಾಕೂಬನ ಪರ ಮೌನ ವಹಿಸುವುದೇ ನಿಜವಾದ ಮಾನಹರಣ. ಈ ಕತೆ ಬರೆದ ಲೇಖಕಿಯನ್ನೂ ಒಂದು ಕಾಲದಲ್ಲಿ ಬಹಿಷ್ಕಾರದ ಬಾಯಿಗೆ ಕೊಟ್ಟವರು ನಾವೇ. ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ “ನಮ್ಮ ಬಾನು” ಎಂದು ಎದೆಯುಬ್ಬಿಸಿದವರೂ ನಾವೇ. ಎದೆಯುಬ್ಬಿಸುವ ಮೊದಲು ಒಂದು ಕ್ಷಮೆ ಕೇಳಬಹುದಿತ್ತು.

ಎರಡನೆಯವರಿಗೂ ಮಾತಿದೆ. ಯಾಕೂಬನ ಗಂಡುಮಗುವಿನ ಹುಚ್ಚು ಶರೀಅತ್‌ನಿಂದ ಬಂದದ್ದಲ್ಲ. ಅದು ಈ ದೇಶದ ಎಲ್ಲ ಜಾತಿ ಮತಗಳ ಅಂಗಳದಲ್ಲಿ ಬೆಳೆದ ಮರ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿ 1994ರಲ್ಲಿ ಕಾನೂನು ತರಬೇಕಾಗಿ ಬಂದದ್ದು ಯಾವುದೋ ಒಂದು ಸಮುದಾಯಕ್ಕಾಗಿ ಅಲ್ಲ. ಹಸೀನಾಳ ಹೆಸರು ಹಿಡಿದು ತ್ರಿವಳಿ ತಲಾಕಿನ ಮಾತೆತ್ತುವವರಿಗೆ ಆಕೆಯ ಕಷ್ಟವೇ ಅರ್ಥವಾಗಿಲ್ಲ. 2019ರ ಕಾಯ್ದೆ ಒಂದೇ ಉಸಿರಿಗೆ ತಲಾಕ್ ಹೇಳಿದವನನ್ನು ಮೂರು ವರ್ಷದವರೆಗೆ ಜೈಲಿಗೆ ಕಳುಹಿಸಬಲ್ಲದು. ಏನೂ ಹೇಳದೆ ಹೆಂಡತಿ ಮಕ್ಕಳನ್ನು ಬಿಟ್ಟುಹೋದವನ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. ಹಾಗೆ ಬಿಟ್ಟುಹೋದವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಅವರ ಹೆಂಡತಿಯರು ಜೀವನಾಂಶಕ್ಕಾಗಿ ಕೋರ್ಟಿನ ಕಾರಿಡಾರಿನಲ್ಲಿ ಅಕ್ಕಪಕ್ಕವೇ ಕುಳಿತಿರುತ್ತಾರೆ.

ಹಸೀನಾ ಹಾಗಾದರೆ ಅತ್ಯುತ್ತಮ ಪಾತ್ರವೇ? ಅಲ್ಲ. ಅವಳು ಅಗತ್ಯವಾದ ಪಾತ್ರ. ನನ್ನ ಮತ ಗುಲಾಬಿಗೆ.

‘ಗುಲಾಬಿ ಟಾಕೀಸ್’ 2008ರಲ್ಲಿ ತೆರೆಗೆ ಬಂತು. ವೈದೇಹಿಯವರ ಕತೆಯಿಂದ ಹೊರಟರೂ ಕಾಸರವಳ್ಳಿ ಅದನ್ನು ಬಹಳಷ್ಟು ಬದಲಿಸಿದರು. ಕತೆಯ ಟಾಕೀಸಿನ ಜಾಗದಲ್ಲಿ ಇಲ್ಲಿ ಡಿಶ್ ಆಂಟೆನಾ ಹೊತ್ತ ಟಿವಿ ಬಂತು. ಕಾಲ 1990ರ ದಶಕದ ಕೊನೆ, ಕಾರ್ಗಿಲ್ ಯುದ್ಧದ ಹೊತ್ತು. ಜಾಗ ಕುಂದಾಪುರ ಕಡೆಯ ಮೀನುಗಾರರ ಕುದ್ರು. ಗುಲಾಬಿ ಅಲ್ಲಿನ ಸೂಲಗಿತ್ತಿ, ಜೊತೆಗೆ ಸಿನೆಮಾ ಹುಚ್ಚಿನವಳು. ಹೆರಿಗೆಗೆ ಕರೆಯಲು ಬಂದರೆ ಸಿನೆಮಾ ಅರ್ಧಕ್ಕೆ ಬಿಟ್ಟು ಬರಲು ಒಲ್ಲದ ಹೆಂಗಸು! ಒಂದು ಹೆರಿಗೆಯ ಋಣಕ್ಕಾಗಿ ಶ್ರೀಮಂತ ಮನೆಯವರು ಅವಳಿಗೆ ಟಿವಿ ಕೊಡಿಸುತ್ತಾರೆ. ಗಂಡಸರು ಕಡಲಿಗೆ ಹೋದಾಗ ಊರ ಹೆಂಗಸರು ಅವಳ ಗುಡಿಸಲಲ್ಲಿ ಸೇರುತ್ತಾರೆ. ಕೆಲವರಿಗೆ ಮುಸ್ಲಿಮಳ ಮನೆಯ ಹೊಸ್ತಿಲು ದಾಟಲು ಅಳುಕು. ಕೆಲವರಿಗೆ ಧಾರಾವಾಹಿಯ ಆಸೆ ಅಳುಕಿಗಿಂತ ದೊಡ್ಡದು. ಅಷ್ಟರಲ್ಲಿ ಕಡಲಲ್ಲಿ ದೊಡ್ಡ ಬೋಟುಗಳು ಬರುತ್ತವೆ. ಅವುಗಳ ಒಡೆಯ ಮುಸ್ಲಿಮನಾದ್ದರಿಂದ ಹೊಟ್ಟೆಪಾಡಿನ ಜಗಳಕ್ಕೆ ಧರ್ಮದ ಬಣ್ಣ ಬೀಳುತ್ತದೆ. ಗುಲಾಬಿಯ ಮನೆಗೆ ಬಂದುಹೋಗುತ್ತಿದ್ದ ನೇತ್ರು ಎಂಬ ಹೆಣ್ಣು ಕಾಣೆಯಾದಾಗ ಬೆರಳುಗಳೆಲ್ಲ ಗುಲಾಬಿಯತ್ತ ತಿರುಗುತ್ತವೆ. ಊರಿನ ಇತರ ಮುಸ್ಲಿಮರು ಜಾಗ ಬಿಟ್ಟರೂ ಅವಳು ಬಿಡಲೊಲ್ಲಳು. ಕೊನೆಗೆ ಅವಳನ್ನು ಬಲವಂತವಾಗಿ ದೋಣಿ ಹತ್ತಿಸುತ್ತಾರೆ.

ಯಾಕೆ ಇವಳು ದೊಡ್ಡ ಪಾತ್ರ? ಮೊದಲನೆಯದಾಗಿ, ಇವಳಿಗೆ ಕೆಲಸವಿದೆ. ಊರಿನ ಮಕ್ಕಳು ಲೋಕಕ್ಕೆ ಬಂದದ್ದು ಇವಳ ಕೈಯಿಂದ. ಮಗುವನ್ನು ಹಿಡಿದ ಕೈಯ ಧರ್ಮವನ್ನು ಹೆರಿಗೆ ಮನೆಯಲ್ಲಿ ಯಾರೂ ಕೇಳಲಿಲ್ಲ. ಎರಡನೆಯದಾಗಿ, ಇವಳಿಗೆ ಆಸೆಗಳಿವೆ. ನಮ್ಮ ‘ಕಲಾತ್ಮಕ’ ಸಿನೆಮಾ ಮುಸ್ಲಿಂ ಹೆಣ್ಣಿಗೆ ಕಣ್ಣೀರನ್ನು ಧಾರಾಳವಾಗಿ ಕೊಟ್ಟಿದೆ, ಖುಷಿಯನ್ನು ಕೊಟ್ಟದ್ದು ಕಡಿಮೆ. ಗುಲಾಬಿ ಪರದೆಯ ಮುಂದೆ ಮೈಮರೆತು ಕುಳಿತಾಗ ಅವಳ ಮುಖದಲ್ಲಿ ಕಾಣುವುದು ಮುಸ್ಲಿಂ ಸಮಸ್ಯೆಯಲ್ಲ, ಸುಖ. ಮೂರನೆಯದಾಗಿ, ಇವಳ ಕತೆಯಲ್ಲಿ ಎಲ್ಲ ತಪ್ಪನ್ನೂ ಹೊರಿಸಿ ಕೈತೊಳೆದುಕೊಳ್ಳಲು ಒಬ್ಬ ಖಳನಿಲ್ಲ. ತಪ್ಪಿನಲ್ಲಿ ಎಲ್ಲರಿಗೂ ಪಾಲಿದೆ. ಬೋಟಿನ ಬಂಡವಾಳಕ್ಕೆ ಇದೆ, ಟಿವಿಗೆ ಇದೆ, ಹೊರಗಿನಿಂದ ಬಂದು ಕಿಚ್ಚು ಹಚ್ಚುವ ಯುವಕರಿಗೆ ಇದೆ, ಸುಮ್ಮನೆ ನೋಡುತ್ತ ನಿಂತ ಒಳ್ಳೆಯ ನೆರೆಮನೆಯವರಿಗೂ ಇದೆ.

ಗುಲಾಬಿಯನ್ನು ಮರೆಯಲು ಇದೇ ಕಾರಣವೆಂದು ನನಗನ್ನಿಸುತ್ತದೆ. ಹಸೀನಾಳನ್ನು ನೋಡುವ ಮುಸ್ಲಿಮೇತರ ಪ್ರೇಕ್ಷಕ ಮರುಗಿ ಮನೆಗೆ ಹೋಗಬಹುದು, ಅಪರಾಧಿ ಅವನ ಬೀದಿಯವನಲ್ಲ. ಗುಲಾಬಿಯನ್ನು ನೋಡಿದವನಿಗೆ ಆ ಸೌಕರ್ಯವಿಲ್ಲ. ಚಿತ್ರದ ಕೊನೆಯಲ್ಲಿ ಇಬ್ಬರು ಮುದುಕಿಯರು, ಇಷ್ಟು ದಿನ ಹಿಂಜರಿದವರು, ಖಾಲಿಯಾದ ಗುಲಾಬಿಯ ಮನೆಗೆ ಟಿವಿ ನೋಡಲು ಹೋಗುತ್ತಾರೆ. ಟಿವಿ ಬೇಕು, ಅದರ ಒಡತಿ ಬೇಡ. ಆ ಒಂದು ದೃಶ್ಯ ನಮ್ಮ ಕರಾವಳಿಯ ಮುಂದಿನ ವರ್ಷಗಳನ್ನು ಹೇಳಿಬಿಟ್ಟಿತ್ತು. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂದಾಗ ನನಗೆ ಆ ಮುದುಕಿಯರು ನೆನಪಾದರು. ಅದೇ ವರ್ಷದ ಆರಂಭದಲ್ಲಿ ಕುಂದಾಪುರದ ಕಾಲೇಜಿನ ಗೇಟು ತಲೆವಸ್ತ್ರ ತೊಟ್ಟ ಹುಡುಗಿಯರ ಮುಖಕ್ಕೆ ಮುಚ್ಚಿಕೊಂಡಾಗಲೂ ನೆನಪಾದರು. ಹಸೀನಾಳಿಗಾಗಿ ಮರುಗಿದ ಎಷ್ಟು ಮಂದಿ ಆ ಗೇಟಿನ ಬಳಿ ಬಂದರು?

ನನ್ನ ಆಯ್ಕೆಗೆ ಆಕ್ಷೇಪಗಳಿವೆ ಎಂಬುದು ಗೊತ್ತು. ಗುಲಾಬಿ ಹೋರಾಡುವುದಿಲ್ಲ, ಹಸೀನಾಳಂತೆ ಧರಣಿ ಕೂರುವುದಿಲ್ಲ, ನಾಗಿಯಂತೆ ಪ್ರವಾಹಕ್ಕೆ ಎದುರು ನಿಲ್ಲುವುದಿಲ್ಲ ಎನ್ನುತ್ತಾರೆ. ನಿಜವೇ? ಹೋಗೆಂದವರ ನಡುವೆ ‘ನಾನು ಹೋಗುವುದಿಲ್ಲ’ ಎಂದು ತನ್ನ ಮನೆಯಲ್ಲಿ ಉಳಿಯುವುದು ಹೋರಾಟವಲ್ಲವೇ? ಬಡ ಹೆಂಗಸಿನ ಮಟ್ಟಿಗೆ ಇದ್ದಲ್ಲೇ ಇರುವುದಕ್ಕಿಂತ ದೊಡ್ಡ ಧರಣಿ ಇನ್ನಾವುದು? ಇನ್ನೊಂದು ಆಕ್ಷೇಪ, ಎರಡೂ ಪಾತ್ರಗಳನ್ನು ಮುಸ್ಲಿಮೇತರರೇ ರೂಪಿಸಿದರು, ನಟಿಸಿದರು ಎಂಬುದು. ಅದನ್ನು ನಾನು ಒಪ್ಪುತ್ತೇನೆ, ಆದರೆ ಅದರ ಹೊಣೆ ಕಾಸರವಳ್ಳಿಯವರದ್ದಲ್ಲ. ಸಿನೆಮಾ ಹರಾಮೋ ಹಲಾಲೋ ಎಂಬ ಚರ್ಚೆಯಲ್ಲೇ ದಶಕಗಳನ್ನು ಕಳೆದ ನಾವು ನಮ್ಮ ಹೆಣ್ಣುಮಕ್ಕಳ ಕೈಗೆ ಕ್ಯಾಮರಾ ಕೊಡಲಿಲ್ಲ. ನಮ್ಮ ಕತೆಯನ್ನು ಬೇರೆಯವರು ಹೇಳಿದಾಗ ತಪ್ಪು ಹುಡುಕಲು ಮಾತ್ರ ಮುಂದೆ ಬಂದೆವು.

ಕೊನೆಯದಾಗಿ ನಮ್ಮವರಿಗೇ ಒಂದು ಎಚ್ಚರಿಕೆ. ಗುಲಾಬಿಯನ್ನು ಎತ್ತಿಹಿಡಿದರೆ ಹಸೀನಾಳಿಂದ ಪಾರಾಗಬಹುದೆಂದು ಯಾರೂ ಸಂತೋಷಪಡಬೇಕಿಲ್ಲ. ಗುಲಾಬಿಯ ಗಂಡ ಮೂಸಾನೂ ಅವಳನ್ನು ಬಿಟ್ಟು ಇನ್ನೊಂದು ಸಂಸಾರ ಹೂಡಿದವನೇ. ಊರು ಅವಳನ್ನು ದೋಣಿ ಹತ್ತಿಸುವ ಎಷ್ಟೋ ಮೊದಲು ಮನೆ ಅವಳನ್ನು ಒಂಟಿಯಾಗಿಸಿತ್ತು. ಹೊರಗಿನವರ ಅನ್ಯಾಯವನ್ನು ತೋರಿಸಿ ಒಳಗಿನ ಅನ್ಯಾಯವನ್ನು ಮುಚ್ಚುವವರಿಗೂ, ಒಳಗಿನ ಅನ್ಯಾಯವನ್ನು ತೋರಿಸಿ ಹೊರಗಿನದ್ದನ್ನು ಸಮರ್ಥಿಸುವವರಿಗೂ ಗುಲಾಬಿ ಸಾಕ್ಷಿ ಹೇಳುವುದಿಲ್ಲ. ಅದಕ್ಕೇ ಅವಳು ಇಬ್ಬರಿಗೂ ಬೇಡವಾಗಿದ್ದಾಳೆ. ಅದಕ್ಕೇ ನನಗೆ ಅವಳು ಕಾಸರವಳ್ಳಿಯವರ ಅತ್ಯುತ್ತಮ ಸ್ತ್ರೀಪಾತ್ರ.

ಮುಂದಿನ ಸಲ ಈ ಚರ್ಚೆ ಎದ್ದಾಗ ಯಮುನಕ್ಕನ ಹೆಸರು ಹೇಳಿ, ನಾಗಿಯ ಹೆಸರು ಹೇಳಿ. ಹಸೀನಾಳ ಹೆಸರು ಹೇಳುವಾಗ ಅವಳನ್ನೂ ಯಮುನಕ್ಕನ ಹಾಗೆಯೇ ಬರೀ ಹೆಣ್ಣಾಗಿ ಓದಿ. ಆಮೇಲೆ ಒಂದು ಕ್ಷಣ ತಡೆದು ಕೇಳಿಕೊಳ್ಳಿ: ನಮ್ಮೂರಿನ ಗುಲಾಬಿ ಈಗ ಎಲ್ಲಿದ್ದಾಳೆ? ಅವಳನ್ನು ದೋಣಿ ಹತ್ತಿಸುವಾಗ ನಾವು ದಡದಲ್ಲಿ ನಿಂತು ಏನು ಮಾಡುತ್ತಿದ್ದೆವು?