ಫೋನ್ ನಮ್ಮದು, ಅನುಮತಿ ಅವರದು

ಎಂಜಿನಿಯರಿಂಗ್ ಓದುವ ನಮ್ಮಂಥವರು ಮೊದಲ ಆ್ಯಪ್ ಬರೆಯುವುದು ಸಾಮಾನ್ಯವಾಗಿ ಆಂಡ್ರಾಯ್ಡ್‌ಗೆ. ಆ್ಯಪಲ್‌ಗೆ ಬರೆಯಲು ಮ್ಯಾಕ್ ಬೇಕು, ಸ್ಟೋರ್‌ಗೆ ಹಾಕಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಆಂಡ್ರಾಯ್ಡ್‌ಗಾದರೆ ಹಳೇ ಲ್ಯಾಪ್‌ಟಾಪ್ ಸಾಕು. ಎಪಿಕೆ ಫೈಲ್ ಮಾಡಿ ಗೆಳೆಯರಿಗೆ ಕಳಿಸಿದರೆ ಮುಗಿಯಿತು. ನಮ್ಮ ಕ್ಲಾಸಿನಲ್ಲಿ ಹಾಜರಾತಿ ಲೆಕ್ಕ ಹಾಕುವ ಆ್ಯಪ್ ಹರಡಿದ್ದು ಹೀಗೆಯೇ. ಇನ್ನೆಷ್ಟು ಕ್ಲಾಸ್ ತಪ್ಪಿಸಿಕೊಳ್ಳಬಹುದು ಎಂದು ಹೇಳುವುದಷ್ಟೇ ಅದರ ಕೆಲಸ (ಮೇಷ್ಟ್ರುಗಳು ಇದನ್ನು ಓದದಿರಲಿ!).

ಈ ದಾರಿಗೆ ಈಗ ಗೇಟು ಬೀಳುತ್ತಿದೆ. 2025ರ ಆಗಸ್ಟ್‌ನಲ್ಲಿ ಗೂಗಲ್ ಹೊಸ ನಿಯಮ ಪ್ರಕಟಿಸಿತು. ಪ್ಲೇ ಸ್ಟೋರ್ ಆಚೆ ಹಂಚುವ ಆ್ಯಪ್ ಆದರೂ ಸರಿ, ಬರೆದವರು ತಮ್ಮ ಗುರುತನ್ನು ಗೂಗಲ್‌ಗೆ ದೃಢಪಡಿಸಬೇಕು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಉಳಿದೆಡೆ ಜಾರಿ ಎಂಬುದು ಆಗ ಹೇಳಿದ ಯೋಜನೆ. ವಿದ್ಯಾರ್ಥಿಗಳಿಗೆ ಬೇರೆ ಖಾತೆ ಕೊಡುತ್ತೇವೆ ಎಂದರು. ಅದರಲ್ಲಿ ಕೆಲವೇ ಫೋನ್‌ಗಳಿಗೆ ಹಂಚಬಹುದು.

ವಂಚನೆ ತಡೆಯಲು ಇದು ಬೇಕು ಎನ್ನುವುದು ಗೂಗಲ್ ವಾದ. ಸುಳ್ಳೇನಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಹೆಸರಿನ ಎಪಿಕೆ ಒತ್ತಿ ಹಣ ಕಳೆದುಕೊಂಡವರ ಸುದ್ದಿ ಬರುತ್ತಲೇ ಇರುತ್ತದೆ. ಆದರೆ ಬೇರೆಯವರ ಹೆಸರಲ್ಲಿ ಸಿಮ್, ಬ್ಯಾಂಕ್ ಖಾತೆ ಹೊಂದಿಸಿಕೊಳ್ಳುವ ಕಳ್ಳನಿಗೆ ಡೆವಲಪರ್ ಖಾತೆ ಯಾವ ಲೆಕ್ಕ? ಸಿಕ್ಕಿಬೀಳುವವರು ಎಫ್-ಡ್ರಾಯ್ಡ್‌ನಂಥವರು. 2010ರಿಂದ ಮುಕ್ತ ತಂತ್ರಾಂಶದ ಆ್ಯಪ್‌ಗಳನ್ನಷ್ಟೇ ಹಂಚುತ್ತಿರುವ ಈ ತಾಣ, ಈ ನಿಯಮ ಬಂದರೆ ತನ್ನ ಕತೆ ಮುಗಿದಂತೆ ಎಂದಿದೆ.

ನಮ್ಮಲ್ಲಿ ಇದಕ್ಕೊಂದು ಹಿನ್ನೆಲೆಯೂ ಇದೆ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿದ್ದು ಹಲವರಿಗೆ ನೆನಪಿರಬಹುದು. ಸ್ಟೋರ್ ಆಚೆಯಿಂದ ಆ್ಯಪ್ ಹಂಚುವುದಕ್ಕೆ ಅಡ್ಡಿ ಮಾಡಬಾರದು ಎಂಬ ಸೂಚನೆಯೂ ಆ ಆದೇಶದಲ್ಲಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಆ ಸೂಚನೆಯನ್ನು ತೆಗೆದುಹಾಕಿತು. ದಂಡಕ್ಕಿಂತ ನಮಗೆ ಬೇಕಾಗಿದ್ದುದು ಅದೇ.

‘ಹಾಗಾದರೆ ಬೇರೆ ಓಎಸ್ ಹಾಕಿಕೊಳ್ಳಿ’ ಎನ್ನುವವರಿದ್ದಾರೆ. ಲಿನೇಜ್‌ಓಎಸ್, ಗ್ರಾಫೀನ್‌ಓಎಸ್ ಇವೆ, ಚೆನ್ನಾಗಿಯೂ ಇವೆ. ಹಾಕಿಕೊಂಡ ಮೇಲೆ ಕೆಲವು ಬ್ಯಾಂಕ್ ಆ್ಯಪ್‌ಗಳು ‘ನಿಮ್ಮ ಫೋನ್ ಸುರಕ್ಷಿತವಲ್ಲ’ ಎಂದು ತೆರೆಯುವುದೇ ಇಲ್ಲ. ಕ್ಯಾಂಟೀನಿನಲ್ಲಿ ಟೀಗೆ ಯುಪಿಐ ಮಾಡಲಾಗದ ಫೋನನ್ನು ಯಾವ ಹುಡುಗ ಇಟ್ಟುಕೊಳ್ಳುತ್ತಾನೆ? ಗ್ರಾಫೀನ್‌ಓಎಸ್ ಗೂಗಲ್ ಹಂಗಿಲ್ಲದೆಯೂ ತನ್ನ ಸುರಕ್ಷತೆಯನ್ನು ಹಾರ್ಡ್‌ವೇರ್ ಮೂಲಕ ಸಾಬೀತುಪಡಿಸಬಲ್ಲದು. ಅದನ್ನು ಬ್ಯಾಂಕುಗಳು ಒಪ್ಪಿಕೊಳ್ಳಬೇಕಷ್ಟೆ. ಹಾಗಾಗಿ ಸ್ವದೇಶಿ ಓಎಸ್ ಎಂಬ ದೊಡ್ಡ ಮಾತಿಗಿಂತ ಮೊದಲು ರಿಸರ್ವ್ ಬ್ಯಾಂಕ್ ಒಂದು ಸಣ್ಣ ಕೆಲಸ ಮಾಡಲಿ: ಸುರಕ್ಷತೆ ಸಾಬೀತುಪಡಿಸಿದ ಮುಕ್ತ ಓಎಸ್ ಇರುವ ಫೋನಿನಲ್ಲಿ ಯುಪಿಐ ನಿರಾಕರಿಸುವಂತಿಲ್ಲ ಎಂದು ಬ್ಯಾಂಕುಗಳಿಗೆ ಹೇಳಲಿ. ಉಳಿದದ್ದನ್ನು ನಾವು ಬರೆದುಕೊಳ್ಳುತ್ತೇವೆ.