ನರಮೂಲದ ಗುಳ್ಳೆಯೂ ನಮ್ಮ ಔದಾಸೀನ್ಯವೂ

ತ್ರಿಕಾಸ್ಥಿಯ ನರಮೂಲದಲ್ಲಿ ಟಾರ್ಲೋವ್ ಗುಳ್ಳೆಯಿದೆಯೆಂದು ಎಂ.ಆರ್.ಐ. ವರದಿಯಲ್ಲಿ ಸ್ಪಷ್ಟವಾಗಿ ಬರೆದಿರುವಾಗಲೂ, ‘ಇದು ಎಷ್ಟೋ ಜನಕ್ಕೆ ಇರುತ್ತದಮ್ಮ, ನೋವಿಗೂ ಇದಕ್ಕೂ ಸಂಬಂಧವಿಲ್ಲ’ ಎಂದು ಮಾತ್ರೆ ಬರೆದುಕೊಟ್ಟು ರೋಗಿಯನ್ನು ಸಾಗಹಾಕುವ ಪದ್ಧತಿಯನ್ನು ವೈದ್ಯವಿವೇಕವೆಂದು ಒಪ್ಪಲು ನಾನು ಸಿದ್ಧನಿಲ್ಲ.

ಈ ಗುಳ್ಳೆಗಳನ್ನು 1938ರಲ್ಲಿ ಶವಪರೀಕ್ಷೆಯಲ್ಲಿ ಕಂಡ ಇಸಡೋರ್ ಟಾರ್ಲೋವ್ ಅವರೂ ಮೊದಲು ಇವು ನಿರುಪದ್ರವಿಗಳೆಂದೇ ಭಾವಿಸಿದ್ದರು. ಆದರೆ 1948ರಲ್ಲಿ, ಇವುಗಳಿಂದ ಸೊಂಟದಿಂದ ಕಾಲಿಗಿಳಿಯುವ ನೋವು ಉಂಟಾಗಬಲ್ಲುದೆಂದು ಅವರೇ ಬರೆದರು. ಕಂಡುಹಿಡಿದವನು ಹತ್ತು ವರ್ಷಗಳಲ್ಲಿ ತಿದ್ದಿಕೊಂಡ ಅಭಿಪ್ರಾಯವನ್ನು ನಮ್ಮವರು ಇಂದಿಗೂ ಶಾಸ್ತ್ರವೆಂದು ಪಠಿಸುತ್ತಿದ್ದಾರೆ.

1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 500 ಜನರ ಪೈಕಿ 23 ಮಂದಿಗೆ ಗುಳ್ಳೆ ಕಂಡಿತು. 5 ಮಂದಿಯ ನೋವಿಗೆ ಅದೇ ಕಾರಣವೆಂದು ನಿರ್ಣಯವಾಯಿತು. ನಮ್ಮವರು ಹೇಳುವುದು ‘ಶೇಕಡಾ ಒಂದು’ ಎಂದು. ಗುಳ್ಳೆಯಿದ್ದ 23ರಲ್ಲಿ 5 ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಎಂಬುದನ್ನೇಕೆ ಹೇಳುವುದಿಲ್ಲ? ವರದಿ ಕೈಯಲ್ಲಿ ಹಿಡಿದು ಎದುರು ನಿಂತವಳು ಆ 23ರಲ್ಲಿ ಒಬ್ಬಳು, 500ರಲ್ಲಿ ಅಲ್ಲ!

ಬೆನ್ನುಹುರಿಯ ಸುತ್ತಣ ದ್ರವವು ನರದ ಹೊದಿಕೆಯೊಳಕ್ಕೆ ನುಗ್ಗಿ, ಸುಲಭವಾಗಿ ಹಿಂದಿರುಗಲಾರದೆ ಗುಳ್ಳೆಯಾಗಿ ಉಬ್ಬುತ್ತದೆ; ಅದರ ಗೋಡೆಯಲ್ಲೇ ನರದ ಎಳೆಗಳಿರುವುದರಿಂದ ಕುಳಿತಾಗ, ಕೆಮ್ಮಿದಾಗ ನೋವು ಏರಿ, ಮಲಗಿದಾಗ ಇಳಿಯುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ರಾಮನಗರದ ಬಿಚ್ಚಾಣಿಕೆ ಘಟಕದಲ್ಲಿ ಬಿಸಿನೀರಿನ ತೊಟ್ಟಿಯೆದುರು ಕುಳಿತು ರೇಷ್ಮೆಗೂಡಿನ ಎಳೆ ತೆಗೆಯುವವಳಿಗೂ, ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆಗೆ ಅರಗಿನ ಬಣ್ಣವೇರಿಸುವವಳಿಗೂ ಕುಳಿತುಕೊಳ್ಳುವುದೆಂದರೆ ಅನ್ನ. ಅವಳಿಗೆ ‘ಡಿಸ್ಕ್’, ‘ವಾಯು’, ಕಡೆಗೆ ‘ಮನಸ್ಸಿನ ಚಿಂತೆ’ ಎಂದು ಹೇಳುವುದು ಅನ್ಯಾಯ.

ವೈದ್ಯಕೀಯ ಕಾಲೇಜು ರಾಮನಗರದಲ್ಲಿರಬೇಕೋ ಕನಕಪುರಕ್ಕೆ ಹೋಗಬೇಕೋ ಎಂಬ ವ್ಯಾಜ್ಯಕ್ಕಾಗಿ 2023ರಲ್ಲಿ ಬಂದ್ ಆಚರಿಸಿದೆವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾದಾಗಲೂ ಜಗಳಾಡಿದೆವು. ಮಾಗಡಿಯ ಸೊಂಟನೋವಿನ ರೋಗಿ ಮಾತ್ರ, ಹೆಸರು ಯಾವುದಾದರೇನು, ಕುಳಿತುಕೊಳ್ಳಲಾರದ ದೇಹವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ನಿಮ್ಹಾನ್ಸಿಗೇ ಹೋಗಬೇಕಾಗಿದೆ.

ಪ್ರತಿಯೊಂದು ಗುಳ್ಳೆಯನ್ನೂ ಕತ್ತರಿಸಿರೆಂದು ನಾನು ಹೇಳುತ್ತಿಲ್ಲ. ಆ ಶಸ್ತ್ರಕ್ರಿಯೆಯಲ್ಲಿ ದ್ರವ ಸೋರುವ ಅಪಾಯವುಂಟು. ವೈದ್ಯಮಹಾಶಯರೇ, ವರದಿಯನ್ನು ಮಡಿಸಿಡುವ ಮುನ್ನ ಆಕೆಯನ್ನು ಕೇಳಿ: ಕುಳಿತರೆ ನೋವು ಹೆಚ್ಚುತ್ತದೆಯೇ, ಮಲಗಿದರೆ ಇಳಿಯುತ್ತದೆಯೇ, ಮೂತ್ರಕ್ಕೆ ತೊಂದರೆಯುಂಟೇ?